ಚಿಕ್ಕಮ್ಮನ ಬಳೆಗಳು

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ಜಗಲಿಯಿಡೀ ಅದರ ಸೊಗಡಿನದೇ ವಾಸನೆ. ಕೈ ತೊಳೆದರೂ ಬೆರಳು ಬಿಡುತ್ತಿರಲಿಲ್ಲ. ಅಂಜನಾಪುರದ ಹತ್ತಿರದ ಹಳ್ಳಿ ನಮ್ಮದು. ಯುದ್ಧ ನಡೆಯುತ್ತಿದ್ದ ಆ ಚಳಿಗಾಲ ನಾನು ಮೂರನೇ ಕ್ಲಾಸು. ಅಜ್ಜಿ, ಸರೋಜ ಚಿಕ್ಕಮ್ಮ, ನಾನು ಮೊರದ ಸುತ್ತ ಕೂತು ಕಾಯಿ ಸುಲಿಯುತ್ತಿದ್ದೆವು. ಹುಳ ಬಂದವರು ಸೋತ ಹಾಗೆ. ಚಿಕ್ಕಮ್ಮ ತನ್ನ ಹುಳವನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, ಏನೂ ಗೊತ್ತಿಲ್ಲದವಳಂತೆ ಕೂರುತ್ತಿದ್ದಳು. ಸೊರಬದ ಕಡೆಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕಪ್ಪ ವಾಯುಪಡೆಯಲ್ಲಿದ್ದ, ವಿಮಾನದಲ್ಲೇ ಹಾರುವ ಕೆಲಸ.

ಹಾಗೆ ಸುಲಿಯುತ್ತಿದ್ದಾಗಲೇ ತಂತಿ ಬಂತು. ಮೇಷ್ಟ್ರು ಓದಿ ಹೇಳಿದರು: ತರಬೇತಿಗೆಂದು ಹಾರಿದ ವಿಮಾನ ಬಿದ್ದಿದೆ, ನಮ್ಮ ದೇಶದ ನೆಲದ ಮೇಲೆಯೇ. ಯಾರೂ ಉಳಿದಿಲ್ಲ.

ಆಮೇಲೆ ಪೆಟ್ಟಿಗೆ ಬಂತು. ಮೊಳೆ ಹೊಡೆದು ಮುಚ್ಚಿದ್ದರು, ತೆಗೆಯಬಾರದು ಅಂದರು. ಹಾಗೇ ಮಣ್ಣು ಮಾಡಿದೆವು.

ಶತ್ರು ಹೊಡೆದಿದ್ದರೆ ಊರು ಶತ್ರುವನ್ನೇ ಬೈದುಕೊಳ್ಳುತ್ತಿತ್ತೇನೋ. ಇಲ್ಲಿ ಶತ್ರುವೇ ಇರಲಿಲ್ಲ. ಹಾಗಾಗಿ ಊರಿನವರು ನಮ್ಮ ಮನೆಯೊಳಗೇ ಹುಡುಕಿದರು. ಹೊಸ ಸೊಸೆಯ ಕಾಲ್ಗುಣ ಅಂದರು. ರಜೆ ಮುಗಿಸಿ ಹೊರಟವನನ್ನು ಉಪ್ಪಿನಕಾಯಿ ಮರೆತಿರಿ ಅಂತ ಹಿಂದಿನಿಂದ ಕರೆದಳಂತೆ, ಅದೇ ಅಂದರು. ನಾನು ಬಿಂದಿಗೆ ಹಿಡಿದು ಬಾವಿಕಟ್ಟೆಗೆ ಹೋದರೆ ಮಾತು ನಿಲ್ಲುತ್ತಿತ್ತು. ಚಿಕ್ಕಮ್ಮನ ಬಳೆ ಒಡೆಯಲು ಬಂದವರೇನೋ ಅಂತ, ಮನೆಗೆ ಬಂದವರ ಮುಖ ಬಿಟ್ಟು ಕೈಗಳನ್ನೇ ನೋಡುವುದು ನನಗೆ ಅಭ್ಯಾಸವಾಯಿತು.

ಮಣ್ಣು ಮಾಡಿದ ಮೂರನೇ ದಿನ ಪಕ್ಕದ ಮನೆಯ ಗಂಗವ್ವ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಚಿಕ್ಕಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಅಜ್ಜಿ ಹೊಸ್ತಿಲ ಮೇಲೆ, ಯಾರೂ ದಾಟದ ಹಾಗೆ.

"ಬಳೆ ಶಾಸ್ತ್ರ ಮುಗಿಸಿಬಿಡಾಣ ಹನುಮಕ್ಕ," ಅಂದಳು ಗಂಗವ್ವ. "ಆಮೇಲೆ ಆ ಹುಡುಗೀನ ಅವರಪ್ಪನ ಮನಿಗೆ ಕಳಿಸ್ಬಿಡು. ಮನಿಗೆ ಒಳ್ಳೇದು."

"ಪೆಟ್ಟಿಗ್ಯಾಗೆ ಇದ್ದೋನು ನನ್ನ ಮಗ ಅಂತ ನೀ ಕಂಡ್ಯೇನು?"

"ಸರ್ಕಾರದೋರು ಸುಳ್ಳು ಹೇಳ್ತಾರಾ?"

"ಹೇಳ್ತಾರೋ ಬಿಡ್ತಾರೋ, ನಾನಂತೂ ಮುಖ ನೋಡಿಲ್ಲ. ನಾಳೆ ಅವನು ಬಾಗಿಲಿಗೆ ಬಂದು, ನನ್ನ ಹೆಂಡ್ತಿ ಬಳೆ ಯಾರು ಒಡೆದ್ರು ಅಂತ ಕೇಳಿದ್ರೆ ನಿನ್ನ ಹೆಸರು ಹೇಳ್ಲೇನು?"

ಗಂಗವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನೀರು ಕೂಡ ಕುಡಿಯದೆ ಎಲ್ಲರೂ ಎದ್ದು ಹೋದರು.

ಆದರೆ ಗುಂಡಿಯ ಹತ್ತಿರ ನಾನೊಂದು ನೋಡಿದ್ದೆ. ಮಣ್ಣು ಹಾಕುವ ಮೊದಲು ಅಜ್ಜಿ ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಕಂಬಳಿ ಹೊದಿಸಿದಳು. ಚಿಕ್ಕಪ್ಪ ಹುಟ್ಟಿದಾಗ ನಮ್ಮದೇ ಕುರಿಯ ಉಣ್ಣೆಯಲ್ಲಿ ನೇಯಿಸಿದ್ದು. ನನಗೂ ಒಂದು ದಿನ ಹೊದೆಯಲು ಕೊಟ್ಟವಳಲ್ಲ. ಯಾರ ಮಗನೋ ಅನ್ನುವ ಅನುಮಾನವಿದ್ದರೆ ಅದನ್ನು ಕೊಡುತ್ತಿದ್ದಳೇ?

ಚಿಕ್ಕಮ್ಮ ಕಡೆಯವರೆಗೂ ನಮ್ಮ ಮನೆಯಲ್ಲೇ ಇದ್ದಳು, ಬಳೆ ತೊಟ್ಟೇ ಇದ್ದಳು. ಅಜ್ಜಿ ಹೋದ ಮೇಲೂ ಯಾರೂ ಕೇಳಲಿಲ್ಲ. ಹುಚ್ಚರಾಯಸ್ವಾಮಿ ಅಷ್ಟಾದರೂ ನಡೆಸಿಕೊಟ್ಟ ಅಂತ ಕೈಮುಗಿಯುತ್ತೇನೆ. ಅಜ್ಜಿಯ ಮಾತನ್ನು ಅವಳು ನಂಬಿದ್ದಳೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ. ವಿಮಾನದ ಸದ್ದಿಗೆ ತಲೆ ಎತ್ತುತ್ತಿರಲಿಲ್ಲ. ಬಸ್ಸು ನಿಂತ ಸದ್ದಾದರೆ ಎತ್ತುತ್ತಿದ್ದಳು.

ಈಗ ಆನವಟ್ಟಿ ಸಂತೆಯಲ್ಲಿ ಸುಲಿದ ಅವರೆಕಾಳೇ ಪ್ಲಾಸ್ಟಿಕ್ ಚೀಲದಲ್ಲಿ ಸಿಗುತ್ತದೆ. ತಂದು ಸಾರು ಮಾಡುತ್ತೇನೆ. ಬೆರಳಿಗೆ ವಾಸನೆಯೇ ಹತ್ತುವುದಿಲ್ಲ. ಒಬ್ಬರ ಮೇಲೊಬ್ಬರಿಗೆ ಅನುಮಾನ ಈಗಲೂ ಬೇಕಾದಷ್ಟಿದೆ. ಸೊಸೆಗೋಸ್ಕರ ಹೊಸ್ತಿಲ ಮೇಲೆ ಕೂರುವವರು ಮಾತ್ರ ಕಾಣುವುದಿಲ್ಲ.

ಆ ಹೆಂಗಸರು ಹೋದ ಮೇಲೆ ನಾನು ಅಜ್ಜಿಯನ್ನು ಮೆಲ್ಲಗೆ ಕೇಳಿದ್ದೆ, ಚಿಕ್ಕಪ್ಪ ಬರ್ತಾನಾ ಅಂತ. ಅಜ್ಜಿ ಮೊದಲು ಬೀದಿಯ ಆ ಕಡೆ, ಈ ಕಡೆ ನೋಡಿದಳು. ಆಮೇಲೆ ಮೂಲೆಯಲ್ಲಿ ಬಾಡುತ್ತಿದ್ದ ಅವರೆಕಾಯಿಯ ಮೊರ ಎಳೆದು ಚಿಕ್ಕಮ್ಮನ ಮುಂದೆ ಇಟ್ಟಳು.

"ಸುಲಿರಿ," ಅಂದಳು. "ನಾಳೆಗೆ ಕೆಡ್ತಾವೆ."

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮನ ಕೈಯೂ ಆಡತೊಡಗಿತು. ಬಳೆಗಳು ಮೊರದ ಅಂಚಿಗೆ ತಾಗುತ್ತಿದ್ದವು.