ಸಾರ್ಜೆಂಟ್ ಸ್ಟ್ಯಾಂಪರ್ ಹುಲ್ಲು ಕತ್ತರಿಸಿದ್ದು

ಕೆಂಟಕಿಯ ಬೆಟ್ಟಸೀಮೆಯಲ್ಲಿ ಡೆಲ್ಬರ್ಟ್ ಸ್ಟ್ಯಾಂಪರನಷ್ಟು ಜಂಬದ ಮುದುಕ ಇನ್ನೊಬ್ಬನಿರಲಿಲ್ಲ. ಯುದ್ಧಕಾಲದಲ್ಲಿ ವಿಯೆಟ್ನಾಮಿನ ಕಾಡಿಗೆ ವಿಮಾನದಿಂದ ಸುರಿದ ವಿಷ ಅಲ್ಲಿ ಸೈನಿಕನಾಗಿದ್ದ ಅವನ ಹೃದಯವನ್ನೂ ಹಾಳು ಮಾಡಿತ್ತು. ಸರ್ಕಾರ ಅದನ್ನು ಒಪ್ಪಿಯೂ ಇತ್ತು. ನೂರಕ್ಕೆ ಎಷ್ಟು ಅಂಗವಿಕಲ ಅನ್ನುವುದಷ್ಟೇ ತೀರ್ಮಾನವಾಗಬೇಕಿತ್ತು. ಅರವತ್ತು ಸಿಕ್ಕರೆ ಬರುವ ಪಿಂಚಣಿಯಲ್ಲಿ, ಮೇವಿನಂಗಡಿಯಲ್ಲಿ ಏದುಸಿರು ಬಿಡುತ್ತ ಮೂಟೆ ಹೊರುವುದನ್ನು ಬಿಡಬಹುದು. ಹೆಂಡತಿ ಒಲೀಟಾ ಹಗಲೂ ರಾತ್ರಿ ಅದನ್ನೇ ಜಪಿಸುತ್ತಿದ್ದಳು.

ಅದಕ್ಕಾಗಿ ನಡೆಯುವ ವೈದ್ಯಕೀಯ ಪರೀಕ್ಷೆಯ ದಿನ, ಅವನು ಬಗ್ಗಿದರೆ ಉಸಿರು ಕಟ್ಟುತ್ತದೆಂದು ಎಂದಿನಂತೆ ಅವಳೇ ಅವನ ಶೂ ಲೇಸು ಕಟ್ಟಿದಳು.

"ಇದನ್ನೇ ಹೇಳು, ಡೆಲ್ಬರ್ಟ್. ಎಷ್ಟು ಸಣ್ಣ ಕೆಲಸಕ್ಕೆ ಸುಸ್ತಾಗತ್ತೋ ಅಷ್ಟು ಜಾಸ್ತಿ ಕೊಡ್ತಾರೆ."

"ಆಯ್ತು ಮಾರಾಯ್ತಿ, ನನಗೇನು ಬುದ್ಧಿ ಇಲ್ವಾ?"

ಇದ್ದ ಬುದ್ಧಿ ಎಲ್ಲಿಗೆ ಹೋಯಿತೋ! ಚಿಕ್ಕ ವಯಸ್ಸಿನ ಡಾಕ್ಟರಮ್ಮ "ಬನ್ನಿ, ಸಾರ್ಜೆಂಟ್" ಅಂದದ್ದೇ ತಡ, ಪುಣ್ಯಾತ್ಮ ಎದೆ ಸೆಟೆಸಿ ಕೂತ.

"ಮೆಟ್ಟಿಲು ಹತ್ತೋಕಾಗತ್ತಾ?"

"ಆರಾಮಾಗಿ, ಮೇಡಂ."

"ಅಂಗಳದ ಹುಲ್ಲು?"

"ನಾನೇ ಕತ್ತರಿಸ್ತೀನಿ. ತಳ್ಳೋ ಮಷೀನು. ವಾರಾವಾರ."

"ಸುಳ್ಳು!" ಒಲೀಟಾ ಚೀರಿದಳು. "ಅದನ್ನು ತಳ್ಳೋದು ನಾನು!"

"ಇವಳಿಗೆ ಭಯ ಜಾಸ್ತಿ," ಅಂದ ಡೆಲ್ಬರ್ಟ್. ಡಾಕ್ಟರಮ್ಮ ನಕ್ಕು, ಅವನು ಹೇಳಿದ್ದನ್ನೇ ಬರೆದುಕೊಂಡಳು.

ಮೂವತ್ತು ಬಂತು. ಕಾಗದ ಓದಿದ ಒಲೀಟಾ ಅಳಲಿಲ್ಲ. ಕೊಟ್ಟಿಗೆಯಿಂದ ಮಷೀನು ಎಳೆತಂದು ಅವನ ಮುಂದೆ ನಿಲ್ಲಿಸಿದಳು.

"ತಗೋ. ವಾರಾವಾರ ಕತ್ತರಿಸ್ತೀಯಂತಲ್ಲ."

ಅವನು ಶೂ ಹಾಕಿ ಕಾಲು ಮುಂದೆ ಚಾಚಿದ.

"ಅದನ್ನೂ ನೀನೇ ಕಟ್ಕೋ, ಸಾರ್ಜೆಂಟ್."

ಲೇಸು ಕಟ್ಟದೆಯೇ ಹೋದ. ಒಲೀಟಾ ಅಡುಗೆಮನೆ ಕಿಟಕಿಯಲ್ಲಿ ನಿಂತಳು. ಒಂದೇ ಒಂದು ಸಲ "ಆಗ್ತಿಲ್ಲ ಕಣೇ" ಅನ್ನಲಿ, ಓಡಿಹೋಗಿ ಕೈಹಿಡಿದು ಕರೆತರುತ್ತೇನೆ, ಇಬ್ಬರೂ ಕೂತು ಮೇಲ್ಮನವಿ ಬರೆಯೋಣ ಅಂದುಕೊಂಡಳು. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಬೇಲಿಯ ಹತ್ತಿರ ತಿರುಗಿದವನು ಕಿಟಕಿಯಲ್ಲಿ ಅವಳನ್ನು ಕಂಡು ಬೆನ್ನು ನೆಟ್ಟಗೆ ಮಾಡಿಕೊಂಡ. ಹಾಳು ಜಂಬ! ಅವಳಿಗೂ ಅಷ್ಟೇ ಇತ್ತು. ಕಿಟಕಿ ಬಿಟ್ಟು ಕದಲಲಿಲ್ಲ.

ಮಷೀನಿನ ಸದ್ದು ನಿಂತಿತು.

ಆಂಬುಲೆನ್ಸಿನವರು ಬರುವಷ್ಟರಲ್ಲಿ ಮುಗಿದಿತ್ತು. "ಮೊದಲಿಂದ ಹೃದಯದ ತೊಂದರೆ ಇತ್ತಾ, ಅಮ್ಮ?" ಒಬ್ಬ ಕೇಳಿದ.

"ಇತ್ತು," ಅಂದಳು ಒಲೀಟಾ. "ನೂರಕ್ಕೆ ಮೂವತ್ತು."

ಆಮೇಲೆ ಹುಲ್ಲಿನಲ್ಲಿ ಮಂಡಿಯೂರಿ ಅವನ ಲೇಸು ಕಟ್ಟಿದಳು.