ನಕ್ಷೆಯ ಮೂಲೆಯ ಹೆಸರು

ಟ್ರೇಸರ್ ಮೈಲಾರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗೆರೆ ಸೊಟ್ಟಗಾದರೆ ಸಿಟ್ಟು, ಶಾಯಿ ಹರಡಿದರೆ ಸಿಟ್ಟು, ಚಹಾ ಆರಿದರೂ ಸಿಟ್ಟು. ಕಲಘಟಗಿಯ ಜಲಾನಯನ ಯೋಜನೆಯ ಕಚೇರಿಯಲ್ಲಿ ಪಕ್ಕದ ಮೇಜಿಗೆ ಕೂತು ನಕ್ಷೆ ತೆಗೆಯುತ್ತಿದ್ದ ಅಬ್ದುಲ್‌ಸಾಬ, "ನಿನ್ನ ತಲಿ ಮ್ಯಾಲ ರೊಟ್ಟಿ ಹಾಕಿದರ ಬೇಯ್ತೈತಿ ನೋಡಪಾ" ಎಂದು ಕಾಡುತ್ತಿದ್ದ. ಆದರೆ ನಾನು ಈಗ ಹೇಳುವ ಸಿಟ್ಟು ಅಂಥದ್ದಲ್ಲ. ಇದನ್ನು ಕೇಳಿದ ಮೇಲೂ ಯಾರಿಗಾದರೂ ಸಿಟ್ಟು ಬರದಿದ್ದರೆ ಅವರ ಹೊಟ್ಟೆಯಲ್ಲಿ ಕರುಳಿಲ್ಲ ಅನ್ನಬೇಕು.

ಮೈಲಾರಪ್ಪ ದೇವಿಕೊಪ್ಪದ ಕುರಿಗಾರರ ಮನೆಯವನು. ಅಣ್ಣ ಮಾಳಪ್ಪ ಕುರಿ ಕಾಯ್ದು ತಮ್ಮನನ್ನು ಐ.ಟಿ.ಐ. ಓದಿಸಿದ್ದ. ನಕ್ಷೆ ತೆಗೆಯುವವರಲ್ಲಿ ಒಂದು ಪದ್ಧತಿಯುಂಟು. ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಚೌಕ, ಅದರೊಳಗೆ ತೆಗೆದವನ ಹೆಸರು. ಹೆಸರಿಲ್ಲದ ಹಾಳೆಯನ್ನು ಮೇಲಿನ ಕಚೇರಿಯವರು ಮುಟ್ಟುವುದಿಲ್ಲ. ತಪ್ಪಾದರೆ ಹಿಡಿಯಲು ಒಂದು ಕೊರಳು ಬೇಕಲ್ಲ! ಮೈಲಾರಪ್ಪ ತನ್ನ ಮೊದಲ ನಕ್ಷೆಯ ಪ್ರತಿಯನ್ನು ಊರಿಗೆ ಒಯ್ದಾಗ ಅವ್ವ ಕೆಂಚವ್ವ ಆ ಹೆಸರಿಗೆ ದೇವರ ಅರಿಸಿನದ ಭಂಡಾರ ಹಚ್ಚಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಿದ್ದಳು.

ಎಂಬತ್ತೆಂಟರಲ್ಲಿ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೆ ತಂಪು ಗಾಳಿಯ ಕೋಣೆ, ಮನುಷ್ಯರಿಗೆ ಅದೇ ಹಳೆಯ ತಗಡಿನ ಸೂರು. ಸರ್ವೇ ನಕ್ಷೆಯನ್ನು ಒಂದು ದೊಡ್ಡ ಮೇಜಿಗೆ ಅಂಟಿಸಿ, ಅಂಗೈಯಗಲದ ಗುಂಡಿಯಂತ್ರವನ್ನು ಗುಡ್ಡದ ಏರಿಳಿತದ ಗೆರೆಗಳ ಮೇಲೆ, ಹಳ್ಳಗಳ ಮೇಲೆ ಓಡಿಸುತ್ತ ಒತ್ತಿದರೆ ಗೆರೆ ಕಂಪ್ಯೂಟರಿನೊಳಗೆ ಇಳಿಯುತ್ತಿತ್ತು. ಆಮೇಲೆ ಒಂದೊಂದು ತುಂಡು ನೆಲಕ್ಕೂ ಒಂದೊಂದು ಅಂಕಿ ಕೊಡಬೇಕು. ಹೊಲಕ್ಕೆ ಒಂದು, ಗದ್ದೆಗೆ ಎರಡು, ಅಡವಿಗೆ ಮೂರು, ಹೀಗೆ. ಬಿದ್ದ ಮಳೆಯಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಹಳ್ಳಕ್ಕೆ ಹರಿಯುತ್ತದೆ ಎಂದು ಯಂತ್ರ ಲೆಕ್ಕ ಹಾಕುವುದು ಈ ಅಂಕಿಯಿಂದಲೇ. ಒಂದು ತುಂಡಿಗೆ ಅಂಕಿ ತಪ್ಪಿದರೂ ಅದು ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಮೈಲಾರಪ್ಪ ಈ ಕೆಲಸವನ್ನು ಬೇಗ ಕಲಿತ. ದುಮ್ಮವಾಡದ ಕಡೆಯ ನೆಲವನ್ನೆಲ್ಲ ತುಂಬಿ ಮುಗಿಸಿ ನಕ್ಷೆಯಲ್ಲಿ ತನ್ನೂರಿಗೆ ಬಂದ.

ಬಂದವನು ಗಾಯರಾಣದ ಮೇಲೆ ಕೈ ನಿಲ್ಲಿಸಿದ. ಊರಿನ ದನ ಕುರಿಗಳೆಲ್ಲ ಮೇಯುವ ಗುಡ್ಡದ ನೆಲ ಅದು. ಎಲ್ಲೋ ಕೂತವರು ಮಾಡಿ ಕಳಿಸಿದ ಪಟ್ಟಿಯಲ್ಲಿ ಅದಕ್ಕೆ ಅಂಕಿಯೇ ಇಲ್ಲ!

"ಸಾಹೇಬ್ರ, ಗಾಯರಾಣಕ್ಕ ಏನ್ ಹಾಕ್ಲಿರಿ?" ಎಂದು ಅಧಿಕಾರಿ ಮಡಿವಾಳೆಪ್ಪನವರನ್ನು ಕೇಳಿದ.

"ಏಳು ಹಾಕೋ."

"ಏಳಂದ್ರ ಪಾಳುಭೂಮಿ ಅಂತ ಐತ್ರಿ. ಊರ ಕುರಿ ಎಲ್ಲಾ ಅಲ್ಲೇ ಮೇಯ್ತಾವು. ಅದು ಪಾಳು ಹ್ಯಾಂಗಾತ್ರಿ?"

"ನೀರಿನ ಲೆಕ್ಕಕ್ಕಷ್ಟ ಅದು. ಮಶೀನಿಗೆ ನಿಮ್ಮ ಕುರಿ ಗೊತ್ತಿಲ್ಲೋ ಮಾರಾಯಾ."

"ಮಶೀನಿಗೆ ಗೊತ್ತಿಲ್ಲ ಖರೆ. ನಿಮಗ ಗೊತ್ತೈತೆಲ್ರಿ?"

ಮಡಿವಾಳೆಪ್ಪನವರು ನಕ್ಕರು. ಕೆಟ್ಟವರಲ್ಲ ಅವರು, ಅಣ್ಣಿಗೇರಿಯ ಕಡೆ ಎರೆಹೊಲವುಳ್ಳ ಮನೆತನದವರು, ಯಾರಿಗೂ ಗದರಿದವರಲ್ಲ. ಆದರೆ ನಗುತ್ತ ಮಾಡಿದರೆ ಅನ್ಯಾಯ ನ್ಯಾಯವಾಗುತ್ತದೆಯೇ? ಮೈಲಾರಪ್ಪ ಆ ತುಂಡನ್ನು ಖಾಲಿ ಬಿಟ್ಟು ಎದ್ದು ಹೋದ. ಮರುದಿನ ಬಂದು ನೋಡಿದರೆ ಯಂತ್ರ ಲೆಕ್ಕ ಮುಗಿಸಿತ್ತು. ಸಾಹೇಬರು ತಾವೇ ಏಳನ್ನು ಒತ್ತಿದ್ದರು. ಅವನಿಗೆ ಎಷ್ಟು ರೋಸಿಹೋಯಿತೆಂದರೆ, ಅಚ್ಚಾಗಿ ಬಂದ ಹಾಳೆಯತ್ತ ತಿರುಗಿಯೂ ನೋಡಲಿಲ್ಲ.

ಆ ರವಿವಾರ ಊರಿಗೆ ಹೋದಾಗ ಗಾಯರಾಣದ ತುಂಬ ಗೂಟಗಳು. ನಕ್ಷೆಯಲ್ಲಿ ಪಾಳು ಎಂದಿರುವ ನೆಲಕ್ಕೆಲ್ಲ ನೀಲಗಿರಿ ಹಚ್ಚುತ್ತಾರಂತೆ, ಇನ್ನು ಕುರಿ ಬಿಡುವಂತಿಲ್ಲವಂತೆ. ಮಾಳಪ್ಪ ಕಟ್ಟೆಯ ಮೇಲೆ ಕೂತಿದ್ದವನು ತಮ್ಮನನ್ನು ಕಂಡು ಮುಖ ತಿರುಗಿಸಿದ. ಬಾಯಿ ಬಿಟ್ಟವಳು ಕೆಂಚವ್ವ.

"ಗೂಟಾ ಬಡಿಯಾಕ ಬಂದವ್ರು ನಕ್ಷಾ ತೋರಿಸಿದ್ರು. ಇದು ಪಾಳು ಅಂತ ನಿಮ್ಮ ಮೈಲಾರಪ್ಪನ ಬರದಾನ, ಕೆಳಗ ಹೆಸರೈತಿ ನೋಡ್ರಿ ಅಂದ್ರು. ಯಾ ಹೆಸರಿಗೆ ನಾ ಭಂಡಾರ ಹಚ್ಚಿದ್ನೋ, ಅದ ಹೆಸರ ಹಾಕಿ ನಮ್ಮ ಹುಲ್ಲಿಗೆ ಗೂಟಾ ಬಡಿಸಿದೇನಲೇ?"

"ಯವ್ವಾ, ನಾ ಬರದಿಲ್ಲ ಬೇ!"

"ಹಂಗಾರ ಹೆಸರು ಯಾರದು?"

ಆ ದಿನ ಅಣ್ಣ ಅವನ ಜೊತೆ ಊಟಕ್ಕೆ ಕೂರಲಿಲ್ಲ. ಮಾರನೆಯ ಬೆಳಿಗ್ಗೆ ಮಾಳಪ್ಪ ಹೆಗಲಿಗೆ ಕಂಬಳಿ ಹಾಕಿಕೊಂಡು ತಮ್ಮನ ಹಿಂದೆಯೇ ಬಸ್ಸು ಹತ್ತಿದ.

ಧಾರವಾಡದ ಮಂಜೂರಾತಿಗೆ ಹೋಗಬೇಕಾದ ಮೂಲ ಹಾಳೆ ಇನ್ನೂ ಕಚೇರಿಯ ಮೇಜಿನ ಮೇಲಿತ್ತು. ಗೂಟ ಬಡಿಯುವವರು ಅದರ ಪ್ರತಿ ಹಿಡಿದು ಮೊದಲೇ ಓಡಿದ್ದರು. ಮೈಲಾರಪ್ಪ ಮೂಲೆಯ ಚೌಕ ನೋಡಿದ. ಹೌದು, ತನ್ನದೇ ಹೆಸರು.

"ಇದನ್ನ ಯಾರು ಬರದ್ರಿ?"

"ಯಾರೂ ಬರದಿಲ್ಲೋ. ನಿನ್ನ ಹೆಸರು ಮೊದಲ ತುಂಬಿಟ್ಟದ್ದು, ಮಶೀನು ತಾನ ಬರೀತೈತಿ. ಕಂಪ್ಯೂಟರ್ ನಕ್ಷಾದಾಗ ಹೆಸರು ಬಂತು, ಖುಷಿ ಪಡು" ಎಂದರು ಮಡಿವಾಳೆಪ್ಪನವರು.

"ಮಂಗ್ಯಾ ತಾ ತಿಂದು ಮ್ಯಾಕಿ ಬಾಯಿಗೆ ಒರಸಿದಂಗಾತಲ್ರಿ ಇದು!"

ಶಾಯಿಯ ತಪ್ಪು ಕೆರೆಯಲು ಟ್ರೇಸರುಗಳು ಅರ್ಧ ಬ್ಲೇಡು ಇಟ್ಟುಕೊಂಡಿರುತ್ತಾರೆ. ಮೈಲಾರಪ್ಪ ಅದನ್ನು ತೆಗೆದು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೆರೆದು, ಪುಡಿಯನ್ನು ಊದಿ ಹಾರಿಸಿದ. ಹಾಳೆಗೆ ಒಂದು ಗೀರೂ ಬೀಳಲಿಲ್ಲ.

"ಏಳು ಒತ್ತಿದವ್ರು ನೀವು. ಹೆಸರೂ ನೀವ ಬರೀರಿ."

"ನೌಕರಿ ಹೋಗ್ತೈತಿ, ಖಬರೈತೇನು?"

"ಹೋಗ್ಲಿರಿ."

ಸಾಹೇಬರು ಅಬ್ದುಲ್‌ಸಾಬನತ್ತ ತಿರುಗಿದರು. "ನೀ ಬರೀಪಾ."

ಅಬ್ದುಲ್‌ಸಾಬ ತನ್ನ ಪೆನ್ನನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ. "ನಾ ಆ ಗುಡ್ಡಾನ ನೋಡಿಲ್ಲರಿ ಸಾಹೇಬ್ರ."

ಕೊನೆಗೆ ಮಡಿವಾಳೆಪ್ಪನವರೇ ಪೆನ್ನು ತೆಗೆದು ಚೌಕದ ಮೇಲೆ ಬಗ್ಗಿದರು. ಬಾಗಿಲಲ್ಲಿ ಮಾಳಪ್ಪ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತ ನಿಂತಿದ್ದ. ಏಳನ್ನು ಒತ್ತುವಾಗ ತಡವರಿಸದ ಕೈ ಈಗ ಹಾಳೆಯ ಮೇಲೆ ಹಾಗೇ ನಿಂತಿತು. ಅವರು ಪೆನ್ನನ್ನು ಜೇಬಿಗಿಟ್ಟುಕೊಂಡು, ಹೆಸರಿಲ್ಲದೆ ಧಾರವಾಡಕ್ಕೆ ಹೋಗಲಾರದ ಆ ಹಾಳೆಯನ್ನು ಸುತ್ತಿ ಕಪಾಟಿನ ಮೇಲೆ ಎಸೆದರು.

ಅಣ್ಣತಮ್ಮ ಇಬ್ಬರೂ ಹೊರಗೆ ಬಂದರು. ಹಿಂದಿನ ದಿನದಿಂದ ತುಟಿ ಬಿಚ್ಚದ ಮಾಳಪ್ಪ ಕಂಬಳಿ ಕೊಡವಿ ಕೇಳಿದ:

"ಆ ಗೂಟಾ ಅವರ ಕೀಳ್ತಾರೋ, ನಾವ ಕೀಳೂಣೋ?"

"ಬಸ್ಸು ಬಂತು ನೋಡಣ್ಣಾ. ಹೋಗೂಣು ನಡಿ" ಎಂದ ಮೈಲಾರಪ್ಪ.