ಅಪ್ಪನ ವಾಚ್ ತೋರಿಸಿದ ಮನೆ

ಸತ್ತವರು ಓಡಾಡುತ್ತಾರೆ ಎಂದು ಯಾರಾದರೂ ಹೇಳಿದರೆ, ‘ನಡೆದೋ, ಬಸ್ಸಿನಲ್ಲೋ?’ ಎಂದು ಛೇಡಿಸುತ್ತಿದ್ದವನು ನಾನು. ಈಗಲೂ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ, ಮಧುಗಿರಿಯಲ್ಲಿ ನಮ್ಮ ಜೊತೆಗೇ ಇದ್ದ ಅಪ್ಪನಿಗೆ ಸಿಮ್ ಹಾಕುವಂಥ ಸ್ಮಾರ್ಟ್ ವಾಚ್ ಕೊಡಿಸಿದೆ. ಎಲ್ಲಾದರೂ ಬಿದ್ದರೆ ಗೊತ್ತಾಗಲಿ ಎಂಬುದು ನೆಪ. ಅವರು ಹೋದಲ್ಲೆಲ್ಲ ನನ್ನ ಫೋನಿನಲ್ಲಿ ಕಾಣುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ಗುರುವಾರ ಬಂತೆಂದರೆ ‘ಶಿರಾಕ್ಕೆ ಹೋಗ್ಬತ್ತೀನಿ’ ಎಂದು ಹೊರಡುತ್ತಿದ್ದ ಅಪ್ಪ, ಕೊರಟಗೆರೆ ದಾಟಿ ತೋವಿನಕೆರೆಯ ಒಂದು ಮನೆಯಲ್ಲಿ ಎರಡು ಗಂಟೆ ಇರುತ್ತಿದ್ದರು.

ಒಂದು ಸಲ ಊಟಕ್ಕೆ ಕೂತಾಗ ಬಾಯಿ ತಪ್ಪಿ, ‘ತೋವಿನಕೆರೇಲಿ ಮಳೆ ಬಂತೇನಪ್ಪ?’ ಎಂದುಬಿಟ್ಟೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

‘ನನ್ ಹಿಂದೆ ಯಾರ್ನಾರ ಕಳ್ಸಿದ್ಯೇನ್ಲಾ?’

‘ಇಲ್ಲ ಕಣಪ್ಪ.’

ಆಮೇಲೆ ಅವರು ಯಾವ ಗುರುವಾರವೂ ಹೊರಡಲಿಲ್ಲ. ಎರಡು ತಿಂಗಳಿಗೆ ಎದೆನೋವು ಬಂದು ತೀರಿಕೊಂಡರು.

ದೊಡ್ಡೇರಿಯ ನಮ್ಮ ಹೊಲದಲ್ಲಿ, ನಮ್ಮವರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಎಡಗೈಗೆ ಲಿಂಗ ಇಟ್ಟಾದ ಮೇಲೆ ಮಣಿಕಟ್ಟಿನ ವಾಚ್ ನನ್ನ ಕಣ್ಣಿಗೆ ಬಿತ್ತು. ಬಿಚ್ಚಲು ಹೋದರೆ, ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ತಡೆದರು: ‘ಲಿಂಗ ಇಟ್ಟಿರೋ ಕೈ ಕಣಪ್ಪ, ಇನ್ ಮುಟ್ಬ್ಯಾಡ.’ ವಿಭೂತಿ, ಪತ್ರೆಯ ಜೊತೆ ವಾಚೂ ಮಣ್ಣಿಗೆ ಹೋಯಿತು.

ಐದನೇ ದಿನ ಗುರುವಾರ. ಹನ್ನೊಂದು ಗಂಟೆಗೆ ಫೋನ್ ನೋಡಿದರೆ ಅಪ್ಪನ ಹೆಸರಿನ ಚುಕ್ಕಿ ತೋವಿನಕೆರೆಯಲ್ಲಿ, ಅದೇ ಮನೆಯ ಮೇಲೆ ನಿಂತಿತ್ತು. ‘ಹಳೇದೇನೋ ತೋರಿಸ್ತಾ ಐತೆ, ಬುಡಿ’ ಎಂದಳು ಹೆಂಡತಿ. ಆದರೆ ಕೆಳಗೆ ಬರೆದಿದ್ದ ಸಮಯ ಆ ಗಳಿಗೆಯದೇ. ಒಂದೂವರೆ ದಿನಕ್ಕೆ ಚಾರ್ಜ್ ಮುಗಿಯುವ ವಾಚ್ ಅದು.

ಕಾರು ತೆಗೆದೆ. ಭಯಕ್ಕಿಂತ ಅಲ್ಲಿ ಯಾರಿದ್ದಾರೆ ನೋಡಲೇಬೇಕೆಂಬ ಹಟವೇ ಹೆಚ್ಚಾಗಿತ್ತು; ಅದಕ್ಕೆ ಈಗ ನಾಚಿಕೆಯಾಗುತ್ತದೆ. ಮನೆ ಮುಂದೆ ಇಳಿಯುವ ಹೊತ್ತಿಗೆ ಚುಕ್ಕಿ ಮಾಯವಾಗಿತ್ತು. ಅಪ್ಪನ ವಯಸ್ಸಿನ ಹೆಂಗಸೊಬ್ಬರು ಹೊರಗೆ ಬಂದು ನನ್ನ ಮುಖ ನೋಡಿ, ‘ಅವ್ರ್ ಮಗನಾ? ಯಾಕಪ್ಪ, ಎರಡ್ ತಿಂಗ್ಳಾತು, ಬರ್ಲೇ ಇಲ್ಲ?’ ಎಂದರು.

ಹೇಳಿದೆ. ಅವರು ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತರು. ನೀವು ಯಾರು ಎಂದು ನಾನು ಕೇಳಲಿಲ್ಲ. ಅವರೇ ಕೇಳಿದರು:

‘ಯಾರ್ಗೂ ಹೇಳಾಕಿಲ್ಲ ಅಂದಿದ್ರು. ನಿಂಗೆ ಈ ಮನೆ ಯಾರ್ ತೋರ್ಸುದ್ರಪ್ಪ?’

‘ಅಪ್ಪನೇ’ ಎಂದೆ.

ನಾನು ಹೇಳಿದ್ದು ಸುಳ್ಳೋ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ.